ಗೂಡಿನ ಗಂಟು

ಬೇಲಿಗೆ ಗುಂಡಿ ತೋಡಿದವರು ನಾವೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಪೆದ್ದಿ ಅನ್ನಬೇಕಾಗಿಲ್ಲ. ನಾನೇ ಬೇಕಾದಷ್ಟು ಸಲ ಅಂದುಕೊಂಡಾಗಿದೆ.

ಮೊಣಕಾಲುದ್ದದ ಗುಂಡಿ, ಆರು ಹೆಜ್ಜೆಗೊಂದು. ನನ್ನ ಗಂಡ ಹಾರೆ ಹಾಕಿದ. ನಾನು ಬಾಂಡ್ಲಿಯಲ್ಲಿ ಮಣ್ಣು ಎತ್ತಿದೆ. ನೆಲ ಗಟ್ಟಿ. ಅವನ ಅಂಗೈಯ ಬೊಬ್ಬೆ ಒಡೆದು ಹಾರೆಗೆ ರಕ್ತ ಮೆತ್ತಿತ್ತು. ಆದರೂ ನಗುತ್ತಿದ್ದ. "ನಮ್ಮ ಬಯಲು ಕಣೇ, ನಾವು ತೋಡದೆ ಇನ್ಯಾರು ತೋಡ್ತಾರೆ?" ಅಂದ. ಕಸ ತಂದು ಸುರಿಯುವ ಲಾರಿಗಳು ಒಳಗೆ ಬರಬಾರದು, ಅದಕ್ಕೇ ಬೇಲಿ ಅಂತ ಮೇಷ್ಟ್ರು ಹೇಳಿದ್ದರು. ನಾವು ನಂಬಿದೆವು.

ನಾವು ಪೊರಕೆ ಕಟ್ಟುವವರು. ಬಯಲಿನ ಈ ಅಂಚಿಗೆ ನಮ್ಮವು ಆರು ಮನೆ, ಆರಕ್ಕೂ ತಗಡಿನ ಮಾಡು. ಬಯಲು ಅಂದರೆ ಸಣ್ಣದಲ್ಲ. ಈ ಕಡೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಆ ಕಡೆ ಕೇಳಿಸುವುದಿಲ್ಲ. ಸೊಂಟದುದ್ದ ಹುಲ್ಲು. ಹುಲ್ಲಿನೊಳಗೆ ಮೊಲ, ಲಾವಕ್ಕಿ, ಮುಂಗುಸಿ. ಆ ಹುಲ್ಲು ಕೊಯ್ದು, ಹೊರೆ ಹೊತ್ತು, ಒಣಗಿಸಿ, ಕಲ್ಲಿಗೆ ಬಡಿದು ಹೊಟ್ಟು ಉದುರಿಸಿ, ತಂತಿ ಬಿಗಿದರೆ ಪೊರಕೆ. ಹೊಟ್ಟಿನ ದೂಳು ಬಿದ್ದು ಬಿದ್ದು ನಮ್ಮ ಅತ್ತೆಯ ಕಣ್ಣು ಮಂಜಾಗಿದೆ. ಹುಲ್ಲಿನ ಅಂಚು ಬ್ಲೇಡಿನಂಥದ್ದು. ನನ್ನ ಹೆಬ್ಬೆರಳಿನಲ್ಲಿ ಹುಟ್ಟಿನ ಗೆರೆ ಉಳಿದಿಲ್ಲ. ಗಾಯದ ಗೆರೆ ಇದೆ.

ಬಯಲಿನ ಆ ಅಂಚಿಗೆ ದೊಡ್ಡ ಮನೆಗಳು. ಕಾಂಪೌಂಡು, ಗೇಟು, ಬಯಲಿನ ಕಡೆಗೆ ತೆರೆದ ದೊಡ್ಡ ದೊಡ್ಡ ಕಿಟಕಿ. ಆ ಮನೆಗಳನ್ನು ಗುಡಿಸುವುದು ನಮ್ಮ ಪೊರಕೆಯಿಂದಲೇ. ಹಾಗಾಗಿ ಅವರೂ ನೆರೆಯವರೇ ಅಂತ ನಾನು ಅಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಬಯಲಿನಲ್ಲಿ ಗೋದಾಮು ಕಟ್ಟುತ್ತಾರೆ ಅನ್ನುವ ಸುದ್ದಿ ಬಂತು. ದೊಡ್ಡ ಮನೆಯವರು ಅವತ್ತು ಮೊದಲ ಸಲ ನಮ್ಮ ಕಡೆಗೆ ನಡೆದು ಬಂದರು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ನಾಲ್ಕನೇ ಕ್ಲಾಸಿನವರೆಗೆ ನನಗೆ ಅಕ್ಷರ ಕಲಿಸಿದವರು ಅವರು. ಈಗ ರಿಟೈರ್ ಆಗಿದ್ದಾರೆ.

"ನಾವೆಲ್ಲ ನೆರೆಹೊರೆಯವರು ಕಣಮ್ಮಾ. ಒಟ್ಟಾಗಿ ನಿಂತ್ರೆ ಬಯಲು ಉಳಿಯುತ್ತೆ. ನೀವೂ ಬರ್ತೀರಲ್ಲ?"

ಹೋದೆವು. ಮಣ್ಣು ಅಗೆಯುವ ಯಂತ್ರ ಬಂದ ದಿನ ಅವರು ಬೋರ್ಡು ಹಿಡಿದು ನಿಂತರು. ಯಂತ್ರದ ಮುಂದೆ ಮಲಗಬೇಕು ಅಂದಾಗ ಮೇಷ್ಟ್ರಿಗೆ ಬೆನ್ನು ನೋವು, ದೊಡ್ಡ ಮನೆಯ ಡಾಕ್ಟರಮ್ಮನಿಗೆ ಡ್ಯೂಟಿ. ಮಲಗಿದವರು ನಾವು. ಮೊದಲು ಮಲಗಿದವರು ನಮ್ಮ ಅತ್ತೆ. ಯಂತ್ರದ ಹಲ್ಲು ಅವರ ಕಾಲಿನ ಹತ್ತಿರಕ್ಕೆ ಬಂದು ನಿಂತಿತು. "ಏಳಜ್ಜೀ" ಅಂತ ಡ್ರೈವರ್ ಕೂಗಿದ. "ಎದ್ರೆ ಮತ್ತೆ ಮಲಗೋಕೆ ಸೊಂಟ ಬಿಡಲ್ಲ ಕಣಪ್ಪಾ, ಹೀಗೇ ಇರ್ತೀನಿ" ಅಂದರು ಅತ್ತೆ. ಹನ್ನೊಂದು ದಿನ ಹಾಗೆ ಮಲಗಿದೆವು. ಬೆನ್ನಿಗೆ ಕಲ್ಲು ಒತ್ತಿ ನೀಲಿಗಟ್ಟಿತು. ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ಹಿಂದೆ ಅವರ ಮುಖ, ಮುಂದೆ ನಮ್ಮ ಪಾದ.

ಬಯಲು ಉಳಿಯಿತು. ಸಮಿತಿ ಆಯಿತು. ದಾರಿಯ ಬಾಯಿಗೆ ಬೋರ್ಡು ಬಂತು, ಬಯಲು ಉಳಿಸಿದ ನೆರೆಹೊರೆಯವರು ಅಂತ. ಹದಿನೈದು ಹೆಸರು. ನಾನು ಎರಡು ಸಲ ಓದಿದೆ. ನಮ್ಮ ಆರು ಮನೆಯ ಒಂದು ಹೆಸರೂ ಇರಲಿಲ್ಲ.

"ಬೋರ್ಡಲ್ಲಿ ಜಾಗ ಸಾಲಲಿಲ್ಲವೇನೋ" ಅಂದ ಗಂಡ.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು" ಅಂದರು ಅತ್ತೆ.

ನನಗೆ ಕೋಪ ಬರಲಿಲ್ಲ. ಬರಬೇಕಿತ್ತು. ಬೋರ್ಡು ಯಾರದ್ದಾದರೂ ಇರಲಿ, ಹುಲ್ಲು ಇದೆಯಲ್ಲ ಅಂದುಕೊಂಡೆ. ಬೇಲಿ ಹಾಕಿ ಗೇಟು ಇಟ್ಟಾಗಲೂ ಗೇಟು ತೆರೆದೇ ಇತ್ತು. ನಮ್ಮ ಕುಡುಗೋಲುಗಳನ್ನು ಯಾವತ್ತಿನ ಹಾಗೆ ಒಳಗಿನ ಪೊದೆಯ ಬುಡದಲ್ಲೇ ಇಟ್ಟು ಬರುತ್ತಿದ್ದೆವು.

ಈಗ ಗಂಟಿನ ವಿಷಯ ಹೇಳಬೇಕು.

ಹುಲ್ಲು ಕೊಯ್ಯುವಾಗ ಲಾವಕ್ಕಿಯ ಗೂಡು ಕಣ್ಣಿಗೆ ಬಿದ್ದರೆ ನಾವು ಕೈ ನಿಲ್ಲಿಸುತ್ತೇವೆ. ಗೂಡಿನ ಎರಡೂ ಕಡೆಯಿಂದ ಒಂದೊಂದು ಹಿಡಿ ಹುಲ್ಲು ಬಾಗಿಸಿ, ತಲೆ ಸೇರಿಸಿ ಗಂಟು ಹಾಕುತ್ತೇವೆ. ಗೂಡಿನ ಮೇಲೆ ಸಣ್ಣ ಕಮಾನು ಆಗುತ್ತದೆ. ಆ ಗಂಟಿನ ಸುತ್ತ ಒಂದು ಮಾರು ದೂರ ಯಾರೂ ಕುಡುಗೋಲು ಹಾಕುವಂತಿಲ್ಲ. ಹಾಕಿದರೆ ಅವಳ ಕುಡುಗೋಲು ಕಿತ್ತುಕೊಂಡು ಮೂರು ದಿನ ಮನೆಯಲ್ಲಿ ಕೂರಿಸುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನೂ ಅತ್ತೆ ಕೂರಿಸಿದ್ದರು. "ಮೂರು ದಿನ ಗೋಡೆ ನೋಡು, ಕಣ್ಣು ಚುರುಕಾಗುತ್ತೆ" ಅಂದಿದ್ದರು. ಆಮೇಲೆ ಒಂದು ಗೂಡೂ ನನ್ನ ಕಣ್ಣು ತಪ್ಪಿಲ್ಲ. ಇನ್ನೊಂದು ಕಟ್ಟಳೆ ಇದೆ. ಗಂಟು ಹಾಕಿದವಳು ಗೂಡಿನ ಮಾತು ಯಾರ ಹತ್ತಿರವೂ ಎತ್ತಬಾರದು. ಹೇಳಿದರೆ ಕೇಳಿದವನ ಬಾಯಲ್ಲಿ ನೀರೂರುತ್ತದೆ ಅಂತ ಅತ್ತೆ ಹೇಳುತ್ತಾರೆ. ಮೊಟ್ಟೆ ಕದಿಯುವವರಿಗೆ ಬಾಯಿಮಾತೇ ದಾರಿ.

ಸಮಿತಿಯವರು ಹಕ್ಕಿಗಳ ಗಣತಿ ಮಾಡುತ್ತೇವೆ ಅಂದರು. ಇಪ್ಪತ್ತು ಜನ ಸಾಲಾಗಿ ಬಯಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾರಂತೆ. ಇದನ್ನೆಲ್ಲ ನೋಡಿಕೊಳ್ಳುವವನು ಕಾರ್ಯದರ್ಶಿ. ಚಿಕ್ಕ ವಯಸ್ಸು, ಯಾವಾಗಲೂ ಕತ್ತಿನಲ್ಲಿ ಕ್ಯಾಮೆರಾ. ನಮ್ಮ ಮನೆಗಳಲ್ಲಿ ಅವನನ್ನು ಕ್ಯಾಮೆರಾ ಅಂತಲೇ ಕರೆಯುತ್ತೇವೆ.

ಇಪ್ಪತ್ತು ಜನ ಅಂದರೆ ನಲವತ್ತು ಬೂಟು. ಅವರಿಗೆ ಗಂಟು ಗೊತ್ತಿಲ್ಲ. ಹುಲ್ಲಿನ ನಡುವೆ ಹುಲ್ಲಿನ ಗಂಟು, ಕಾಣುವುದಾದರೂ ಹೇಗೆ? ಹೇಳೋಣ ಅಂದರೆ ಹೇಳಬಾರದು. ಬಾಯಲ್ಲಿ ಹೇಳುವಂತಿಲ್ಲ, ಕಣ್ಣಿಗೆ ತೋರಿಸಬಹುದಲ್ಲ ಅಂದುಕೊಂಡೆ. ಅತ್ತೆಯ ಹರಿದ ಕೆಂಪು ಕಂಬಳಿಯನ್ನು ಬೆರಳಗಲದ ಪಟ್ಟಿಗಳಾಗಿ ಹರಿದೆ. ಒಂದೊಂದು ಗಂಟಿಗೂ ಒಂದೊಂದು ಪಟ್ಟಿ ಕಟ್ಟಿದೆ. ಬೆಳಗ್ಗೆ ಶುರು ಮಾಡಿದ್ದು ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಹುಲ್ಲು ಮುಖ ಗೀರಿತು, ಬೆವರು ಇಳಿದು ಉರಿಯಿತು. ಆದರೂ ಖುಷಿಯಾಗಿತ್ತು. ಬೂಟು ಇನ್ನು ತಪ್ಪಿ ನಡೆಯುತ್ತದೆ ಅಂತ.

ಬೂಟು ತಪ್ಪಿಯೇ ನಡೆಯಿತು. ಅಷ್ಟು ಮಟ್ಟಿಗೆ ನಾನು ಗೆದ್ದೆ.

ಎರಡು ದಿನ ಬಿಟ್ಟು ಸಮಿತಿಯ ಹಾಲ್‌ಗೆ ನಮ್ಮನ್ನು ಕರೆಸಿದರು. ಕುರ್ಚಿಗಳೆಲ್ಲ ತುಂಬಿದ್ದವು. ನಾವು ಬಾಗಿಲ ಹತ್ತಿರ ನಿಂತೆವು. ಮೂಲೆಯಲ್ಲಿ ನಾನೇ ಕಟ್ಟಿದ ಪೊರಕೆ ಒರಗಿತ್ತು. ಗೋಡೆಯ ಮೇಲೆ ಫೋಟೋ ಬಿತ್ತು. ಆಳೆತ್ತರದ ಫೋಟೋ. ಹುಲ್ಲು, ಗಂಟು, ಅತ್ತೆಯ ಕಂಬಳಿ. ಸುತ್ತ ಒಂದು ಗುಂಡು ಗೆರೆ.

"ಮೂವತ್ತೆರಡು ಉರುಲು" ಅಂದ ಕ್ಯಾಮೆರಾ. "ಲಾವಕ್ಕಿ ಹಿಡಿಯೋ ಉರುಲು. ಕಟ್ಟಿದ ಜಾಗ ಮರೀಬಾರ್ದು ಅಂತ ಪ್ರತಿಯೊಂದಕ್ಕೂ ಕೆಂಪು ಬಟ್ಟೆ. ನಾವು ಇಲ್ಲಿ ಹಕ್ಕಿ ಉಳಿಸ್ತಿದ್ದೀವಿ, ನಮ್ಮ ಬೆನ್ನ ಹಿಂದೇನೇ ಇದು ನಡೀತಿದೆ."

ಹಾಲ್ ತುಂಬ ಚ್ ಚ್ ಚ್ ಅಂತ ಸದ್ದಾಯಿತು.

ಕಟ್ಟಳೆ ಮರೆತು ಬಾಯಿ ಬಿಟ್ಟೆ. "ಅದು ಉರುಲಲ್ಲ" ಅಂದೆ. "ಅದು ಗೂಡಿನ ಗುರುತು. ಕೆಳಗೆ ಗೂಡಿದೆ. ನೀವು ಬಗ್ಗಿ ನೋಡ್ಲಿಲ್ವಾ?"

"ಸಾಕ್ಷಿ ಕೆಡಬಾರ್ದು ಅಂತ ನಾವು ಹತ್ರ ಹೋಗ್ಲಿಲ್ಲ."

"ಉರುಲಾದ್ರೆ ಎಳೆದಾಗ ಬಿಗಿಬೇಕು. ಇದು ಬಿಗಿಯಲ್ಲ. ತೋರಿಸ್ತೀನಿ."

ಕೊಯ್ಲಿನ ನಡುವಿನಿಂದ ನೇರ ಬಂದಿದ್ದೆ. ಸೊಂಟದಲ್ಲಿ ಹಸಿ ಹುಲ್ಲಿನ ಹಿಡಿ ಇತ್ತು. ಅಲ್ಲೇ ನೆಲದ ಮೇಲೆ ಕೂತೆ. ಎರಡು ಹಿಡಿ ಮಾಡಿದೆ, ತಲೆ ಸೇರಿಸಿದೆ, ಗಂಟು ಹಾಕಿದೆ. ಅದರೊಳಗೆ ನನ್ನ ಕೈ ತೂರಿಸಿದೆ. ಎಳೆದೆ. ಗಂಟು ಅಲುಗಲಿಲ್ಲ, ಕೈ ಸಲೀಸಾಗಿ ಹೊರಗೆ ಬಂತು. "ನೋಡಿ" ಅಂತ ಎರಡೂ ಕೈ ಎತ್ತಿ ಹಿಡಿದೆ. "ಇದ್ರಲ್ಲಿ ಹಕ್ಕಿ ಸಿಕ್ಕುತ್ತಾ?"

ಕಣ್ಣು ಕೋರೈಸುವ ಬೆಳಕು ಬಂತು. ಕ್ಯಾಮೆರಾ ಫೋಟೋ ತೆಗೆದಿದ್ದ. ನನ್ನ ಕೈ, ನನ್ನ ಗಂಟು, ನನ್ನ ಮುಖ.

"ಎಷ್ಟು ಸಲೀಸಾಗಿ ಕಟ್ಟಿದ್ರು ನೋಡಿದ್ರಾ?" ಅಂದ ಅವನು ಕುರ್ಚಿಗಳ ಕಡೆ ತಿರುಗಿ. "ನಾನು ಯಾರ ಹೆಸರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು."

ನಕ್ಕರು. ಎಲ್ಲರೂ ಅಲ್ಲ. ಮೇಷ್ಟ್ರು ನಗಲಿಲ್ಲ. ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು. ಅವರು ನಕ್ಕಿದ್ದರೇ ಚೆನ್ನಾಗಿತ್ತು.

ಮಾರನೆಯ ಬೆಳಗ್ಗೆ ಗೇಟಿಗೆ ಬೀಗ ಬಿದ್ದಿತ್ತು. ಕುಡುಗೋಲು ಒಳಗೆ, ನಾವು ಹೊರಗೆ. ಬೇಲಿಯ ಈಚೆ ನಿಂತು ನೋಡಿದೆವು. ಸಮಿತಿಯವರು ಕೆಂಪು ಪಟ್ಟಿ ಹುಡುಕಿಕೊಂಡು ನಡೆಯುತ್ತಿದ್ದರು. ಒಂದೊಂದೇ ಗಂಟು ಕತ್ತರಿಸಿ ಗೋಣಿಚೀಲಕ್ಕೆ ಹಾಕಿದರು. ಬುಡದಲ್ಲಿದ್ದ ಗೂಡಿನ ಕಡೆ ಒಬ್ಬರೂ ನೋಡಲಿಲ್ಲ. ಅದರ ಫೋಟೋ ಕೂಡ ಪೇಪರಿನಲ್ಲಿ ಬಂತು.

ಒಂದು ವಾರದ ಮೇಲೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಒಬ್ಬರೇ ಬಂದರು. ಚಾಪೆಯ ಮೇಲೆ ಕೂತರು, ನೀರು ಕೊಟ್ಟರೆ ಕುಡಿದರು. ಒಳ್ಳೆಯವರು. ಜೇಬಿನಿಂದ ಒಂದು ಪತ್ರ ತೆಗೆದರು, ಆಮೇಲೆ ಒಂದು ಮಸಿ ಡಬ್ಬಿ ತೆಗೆದರು.

"ನಿನಗೋಸ್ಕರ ತುಂಬ ಹೋರಾಡಿದೀನಮ್ಮಾ. ಪೊಲೀಸು ಬೇಡ ಅಂತ ನಾನೇ ತಡೆದೆ. ಇದಕ್ಕೆ ಒಂದು ಹೆಬ್ಬೆಟ್ಟು ಒತ್ತಿಬಿಡು, ಆರೂ ಮನೆಗೆ ಪಾಸು ಕೊಡಿಸ್ತೀನಿ. ಮೊದಲಿನ ಹಾಗೇ ಹುಲ್ಲು ಕೊಯ್ಕೊಳ್ಳಿ."

"ಮೇಷ್ಟ್ರೇ, ನನಗೆ ಓದೋಕೆ ಬರುತ್ತೆ" ಅಂದೆ. "ನೀವೇ ಕಲಿಸಿದ್ದು."

ಅವರ ಮುಖ ಸಣ್ಣದಾಯಿತು. ಮರೆತುಬಿಟ್ಟಿದ್ದರು. ಪತ್ರ ತೆಗೆದುಕೊಂಡು ಗಟ್ಟಿಯಾಗಿ ಓದಿದೆ, ಅತ್ತೆಗೂ ಗಂಡನಿಗೂ ಕೇಳಿಸಲಿ ಅಂತ. ಅಜ್ಞಾನದಿಂದ ಹಕ್ಕಿಗಳಿಗೆ ಉರುಲು ಹಾಕುತ್ತಿದ್ದೆವು ಎಂದು ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಬಯಲಿನಲ್ಲಿ ಯಾವುದೇ ರೀತಿಯ ಗಂಟನ್ನು ಹಾಕುವುದಿಲ್ಲ. ಕೆಳಗೆ ನನಗೆ ಜಾಗ ಬಿಟ್ಟಿದ್ದರು. ಒಂದು ಹೆಬ್ಬೆರಳಿನಷ್ಟು ಜಾಗ.

ಪತ್ರ ಮಡಚಿ ವಾಪಸ್ ಕೊಟ್ಟೆ. "ಒತ್ತಲ್ಲ ಮೇಷ್ಟ್ರೇ."

ಅವರು ಹೋದ ಮೇಲೆ ಗಂಡ ಕುದಿದ. "ಒಂದು ಬೆರಳಿಗೆ ಮಸಿ ಹತ್ತಿದ್ರೆ ತೊಳ್ಕೊಳ್ಳೋಕಾಗಲ್ವೇನೇ? ನಿನ್ನ ಜಂಬಕ್ಕೆ ಆರು ಮನೆ ಒಲೆ ಆರಬೇಕಾ?" ಅವನು ಹೇಳಿದ್ದು ಸುಳ್ಳಲ್ಲ. ಆರು ಮನೆಯ ಒಲೆ ನಿಜವಾಗಿಯೂ ನನ್ನ ಬೆರಳಿಗೆ ಜೋತುಬಿದ್ದಿತ್ತು. ಪಕ್ಕದ ಮನೆಯ ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಅತ್ತೆ ಮಾತ್ರ ಹೇಳಿದರು, "ಕಳ್ಳರ ಮನೆ ಸೊಸೆ ಅಂತ ನಾನು ನಿನ್ನ ತರಲಿಲ್ಲ. ಬಿಡು."

ಆ ವರ್ಷ ನಾನು ಜಲ್ಲಿ ಒಡೆಯುವ ಕೆಲಸಕ್ಕೆ ಹೋದೆ. ಗಂಡನೂ ಬಂದ. ಕೂತು ಕೂತು ಸುತ್ತಿಗೆ ಬೀಸುವುದು. ಚೂರು ಹಾರಿ ಹುಬ್ಬು ಸೀಳಿತು. ಸಂಜೆ ಬರುವಾಗ ಬೇಲಿಯ ಪಕ್ಕದಲ್ಲೇ ದಾರಿ. ಬೀಗ ತುಕ್ಕು ಹಿಡಿಯುತ್ತಿತ್ತು. ಒಳಗೆ ಹುಲ್ಲು ಎದೆಮಟ್ಟ ಬೆಳೆದು, ಕೊಯ್ಯುವವರಿಲ್ಲದೆ ಒಣಗಿ, ಬಿದ್ದು, ಅದರ ಮೇಲೆ ಮತ್ತೆ ಬೆಳೆದಿತ್ತು. ಲಾವಕ್ಕಿ ಓಡಾಡುವ ಸಂದು ಮುಚ್ಚಿಹೋಗಿತ್ತು. ಉಳಿದಿದ್ದ ಕೆಲವು ಹಕ್ಕಿ ತೆಳುವಾದ ಕಡೆ ಹೋಗಿ ಗೂಡು ಕಟ್ಟಿದ್ದವು. ಕೂಗು ಕೇಳಿಸಿದರೆ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ. ಗೊತ್ತಿದ್ದು ಏನು ಮಾಡಲಿ?

ಲಾವಕ್ಕಿ ಮೊಟ್ಟೆಗೆ ಕಾವು ಕೂರುವ ಕಾಲ ಮತ್ತೆ ಬಂತು. ಒಂದು ದಿನ ಗೇಟಿನಲ್ಲಿ ಕಾಗದ ಅಂಟಿಸಿದ್ದರು. ಬಯಲು ನೋಡಲು ದೊಡ್ಡವರು ಬರುತ್ತಾರೆ. ಒಣಹುಲ್ಲಿಗೆ ಬೆಂಕಿ ಬೀಳುವ ಅಪಾಯ ಇದೆ. ನಾಡಿದ್ದು ಯಂತ್ರದಿಂದ ಹುಲ್ಲು ಕತ್ತರಿಸಲಾಗುವುದು.

ಓದಿದವಳು ಹಾಗೇ ಮೇಷ್ಟ್ರ ಮನೆಗೆ ನಡೆದೆ. ಜಲ್ಲಿಯ ದೂಳು ಮೈತುಂಬ ಇತ್ತು. ಗೇಟಿನ ಹೊರಗೇ ನಿಂತು ಕೂಗಿದೆ.

"ಮೇಷ್ಟ್ರೇ, ಈ ತಿಂಗಳು ಬೇಡ. ಗೂಡಿವೆ. ಮೊಟ್ಟೆ ಮೇಲೆ ಕೂತಿವೆ."

ಅವರು ಗೇಟಿನ ಹತ್ತಿರ ಬಂದರು. "ಈ ಸಲದ ಗಣತೀಲಿ ಒಂದು ಗೂಡೂ ಸಿಗ್ಲಿಲ್ಲಮ್ಮಾ."

"ಗಂಟಿಲ್ದೆ ನಿಮಗೆ ಗೂಡು ಕಾಣಲ್ಲ. ಅದಕ್ಕೇ ಸಿಕ್ಕಿಲ್ಲ."

"ಹಾಗಲ್ಲ..." ಅಂದರು. ಆಮೇಲೆ ಮೆಲ್ಲಗೆ ಹೇಳಿದರು, "ಹೋದ ವರ್ಷ ಉರುಲು ಹಾಕಿದ್ರಿಂದ ಹಕ್ಕಿ ಖಾಲಿಯಾಗಿದೆ ಅಂತ ವರದೀಲಿ ಬರೆದಿದ್ದಾರೆ."

ನಾನು ಗೇಟಿನ ಸರಳು ಹಿಡಿದುಕೊಂಡೆ. ಹೀಗೂ ಬರೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

"ನನ್ನ ಒಳಗೆ ಬಿಡಿ. ಒಂದೇ ದಿನ ಸಾಕು."

"ಪಾಸಿಲ್ದೆ ಹೇಗೆ ಬಿಡ್ಲಿ? ಆ ಪತ್ರ ಇನ್ನೂ ಇದೆ. ಈಗ್ಲೂ ಒತ್ತಬಹುದು."

ಒಂದು ವರ್ಷ ಎದೆಗವಚಿಕೊಂಡಿದ್ದ ಮರ್ಯಾದೆಯನ್ನು ಆವತ್ತು ನಾನು ಗೇಟಿನ ಹೊರಗೆ ಇಳಿಸಿಟ್ಟೆ. "ತನ್ನಿ ಪತ್ರ" ಅಂದೆ. "ಉರುಲು ಹಾಕಿದೆ ಅಂತ ಬರ್ಕೊಳ್ಳಿ. ಕಳ್ಳಿ ಅಂತ ಬರ್ಕೊಳ್ಳಿ. ಎರಡನೇ ಸಾಲೊಂದನ್ನ ಹೊಡೆದುಹಾಕಿ. ಗಂಟು ಹಾಕಲ್ಲ ಅನ್ನೋದೊಂದು ಬೇಡ. ಗಂಟು ಹಾಕೋಕೆ ತಾನೇ ನಾನು ಒಳಗೆ ಹೋಗ್ಬೇಕಾಗಿರೋದು?"

ಮೇಷ್ಟ್ರ ಕಣ್ಣು ಒದ್ದೆಯಾಯಿತು. ನಿಜ ಹೇಳುತ್ತೇನೆ, ನಾನು ನೋಡಿದೆ. "ಸಾಲು ತೆಗೀಬೇಕಾದ್ರೆ ಸಮಿತಿ ಕೂಡಬೇಕಮ್ಮಾ. ಸಭೆ ಇರೋದು ಬರೋ ತಿಂಗಳು."

"ಯಂತ್ರ ಬರೋದು ನಾಡಿದ್ದು."

"ಹೌದು."

"ಅವತ್ತು ಯಂತ್ರದ ಮುಂದೆ ಮಲಗೋಕೆ ನಮಗೆ ಪಾಸು ಕೇಳಿದ್ರಾ ಮೇಷ್ಟ್ರೇ?"

ಉತ್ತರಕ್ಕೆ ಕಾಯದೆ ತಿರುಗಿ ನಡೆದೆ. ಮಸಿ ಡಬ್ಬಿ ಮನೆಯೊಳಗೇ ಉಳಿಯಿತು, ನನ್ನ ಬೆರಳು ನನ್ನ ಹತ್ತಿರ ಉಳಿಯಿತು. ಅದರಿಂದ ಒಂದು ಮೊಟ್ಟೆಯೂ ಉಳಿಯುವುದಿಲ್ಲ ಅನ್ನುವುದು ಗೊತ್ತಿತ್ತು.

ಯಂತ್ರದ ದಿನ ಬೆಳಗ್ಗೆ ಅತ್ತೆ ನನಗಿಂತ ಮೊದಲೇ ಎದ್ದು ಹೋಗಿದ್ದರು. ಹುಡುಕಿಕೊಂಡು ಹೋದರೆ ಬೇಲಿಯ ಬುಡದಲ್ಲಿ ಕೂತಿದ್ದರು. ಕಣ್ಣು ಸರಿಯಾಗಿ ಕಾಣದವರು, ತಂತಿ ತಡವಿ ತಡವಿ ಎರಡು ತಂತಿಯ ನಡುವೆ ಕೈ ತೂರಿಸಿದ್ದರು. ಒಳಗಿನ ಹುಲ್ಲು ಹಿಡಿದು ಗಂಟು ಹಾಕುತ್ತಿದ್ದರು. ಗೂಡು ಇದೆಯೋ ಇಲ್ಲವೋ ನೋಡಲಿಲ್ಲ. ಸಿಕ್ಕಿದ ಹುಲ್ಲಿಗೆಲ್ಲ ಗಂಟು. ಮುಳ್ಳು ತಂತಿ ಗೀರಿ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ಅತ್ತೆ, ಗೂಡಿರೋದು ನಡುವಿನಲ್ಲಿ. ಇಲ್ಲಿ ಹಾಕಿ ಏನು ಬಂತು?"

"ಗೊತ್ತು ಕಣೇ. ನನ್ನ ಕೈ ಇಲ್ಲೀವರೆಗೆ ತಾನೇ ಹೋಗೋದು."

ನಾನೂ ಕೂತೆ. ಕೈ ತೂರಿಸಿದೆ. ಮೊಣಕೈ ದಾಟಿ ಸ್ವಲ್ಪ ಹೋಗುತ್ತದೆ, ಭುಜ ತಂತಿಗೆ ತಗುಲುತ್ತದೆ, ಅಷ್ಟೇ.

ಯಂತ್ರ ಬಂತು. ದೊಡ್ಡ ಮನೆಗಳ ಕಡೆಗಿದ್ದ ಇನ್ನೊಂದು ಗೇಟಿನಿಂದ ಒಳಗೆ ಹೋಯಿತು. ನಾನು ಎದ್ದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಈ ಕಡೆಯ ಕೂಗು ಆ ಕಡೆ ಕೇಳಿಸುವುದಿಲ್ಲ. ಯಂತ್ರದ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಮೊದಲ ಸಾಲು ಮಲಗಿತು. ಎರಡನೇ ಸಾಲಿನಲ್ಲಿ ಒಂದು ಲಾವಕ್ಕಿ ಎದ್ದು ಹಾರಿತು. ನೇರ ಹೋಗಲಿಲ್ಲ. ಯಂತ್ರದ ಸುತ್ತ ಒಂದು ಸುತ್ತು ಹಾರಿ ಅದೇ ಜಾಗಕ್ಕೆ ಬಂದು ಇಳಿಯಲು ನೋಡಿತು. ಅಲ್ಲಿ ಜಾಗ ಇರಲಿಲ್ಲ. ಮತ್ತೆ ಒಂದು ಎದ್ದಿತು, ಮತ್ತೊಂದು. ಅತ್ತೆ ಎಣಿಸಬೇಡ ಅಂದರು. ನಾನು ಎಣಿಸಿದೆ. ಹದಿನಾಲ್ಕು.

ಹಿಂದೆ ಯಾರೋ ಕೂತ ಹಾಗಾಯಿತು. ಗಂಡ. ಜಲ್ಲಿ ಕೆಲಸಕ್ಕೆ ಹೋಗಿರಲಿಲ್ಲ. ತಾನೇ ನೆಟ್ಟ ಕಂಬಕ್ಕೆ ಭುಜ ಒತ್ತಿ ಕೈ ತೂರಿಸಿದ. ಅವನು ಯಾವತ್ತೂ ಗಂಟು ಹಾಕಿದವನಲ್ಲ. ಅವನ ಗಂಟು ಸಡಿಲ, ಬಿಟ್ಟ ತಕ್ಷಣ ಬಿಚ್ಚಿಹೋಗುತ್ತಿತ್ತು. "ಹಾಗಲ್ಲ" ಅಂದೆ. ತೋರಿಸಿದೆ. ಎರಡನೇ ಸಲ ಸರಿಯಾಗಿ ಹಾಕಿದ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಅಕ್ಕ ಬಂದು ಎರಡು ಕಂಬ ಆಚೆ ಕೂತಳು. ನನ್ನ ಕಡೆ ನೋಡಲಿಲ್ಲ. ಕೈ ಮಾತ್ರ ಒಳಗೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಬಯಲು ಬೋಳಾಗಿತ್ತು. ಬೇಲಿಯ ಉದ್ದಕ್ಕೂ ಒಂದು ಮೊಳ ಅಗಲದ ಹುಲ್ಲು ಉಳಿದಿತ್ತು. ಗಂಟು ನೋಡಿ ಬಿಟ್ಟಿದ್ದಲ್ಲ. ತಂತಿ ತಗುಲೀತು ಅಂತ ಯಂತ್ರ ಹತ್ತಿರ ಬಂದಿರಲಿಲ್ಲ. ಕಿಟಕಿಗಳಿಂದ ಈಗ ಬಯಲು ಚೆನ್ನಾಗಿ ಕಾಣಿಸುತ್ತಿರಬೇಕು.

ಕ್ಯಾಮೆರಾ ಬೇಲಿಯ ಒಳಗಿನಿಂದ ನಡೆದುಕೊಂಡು ಬಂದ. ಬೂಟಿಗೆ ಹಸಿ ಹುಲ್ಲು ಮೆತ್ತಿತ್ತು. ಗಂಟುಗಳ ಸಾಲು ನೋಡಿದ. ನಿಂತ.

"ಮತ್ತೆ ಶುರು ಮಾಡಿದ್ರಾ? ಇಷ್ಟುದ್ದಕ್ಕೂ ಉರುಲು?" ಅಂದ.

ಅವನು ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದ. ಅತ್ತೆಗೆ ಕಾಣಲಿಲ್ಲ, ಅವರು ನಿಲ್ಲಿಸಲಿಲ್ಲ. ನನಗೆ ಕಾಣುತ್ತಿತ್ತು. ನನ್ನ ಕೈ ತಂತಿಯ ಒಳಗಿತ್ತು, ಅವನ ಬೂಟಿನಿಂದ ಒಂದು ಗೇಣು ದೂರದಲ್ಲಿ. ನಾನು ಅದನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೊಂದು ಹಿಡಿ ಹುಲ್ಲು ಹಿಡಿದೆ.